ಕಣ್ಣಿನ ನರಕ್ಕೆ ರಕ್ತ ಸಾಲದಾದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕಣ್ಣು ಮಂಜಾಯಿತು ಎಂದರೆ ನಮ್ಮಲ್ಲಿ ಮೊದಲು ಬರುವ ಮಾತು ‘ಪೊರೆ ಬಂದಿರಬೇಕು’ ಅಂತಲೇ. ಅದರಲ್ಲಿ ತಪ್ಪೇನಿಲ್ಲ. ಡಾ. ಎಂ. ಸಿ. ಮೋದಿ ಅವರಂಥವರು ಊರೂರಲ್ಲಿ ಶಿಬಿರ ಮಾಡಿ ಪೊರೆ ತೆಗೆದ ನಾಡು ನಮ್ಮದು. ಆದರೆ ಪೊರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ರಾತ್ರಿ ಮಲಗುವಾಗ ಸರಿಯಿದ್ದ ಕಣ್ಣು ಬೆಳಿಗ್ಗೆ ಏಳುವಷ್ಟರಲ್ಲಿ ಅರ್ಧ ಕಾಣದಂತಾದರೆ ಅದು ಪೊರೆಯಲ್ಲ. 50 ದಾಟಿದವರಲ್ಲಿ ಹಾಗಾದಾಗ ಮೊದಲು ಅನುಮಾನ ಪಡಬೇಕಾದ ಕಾಯಿಲೆಗಳಲ್ಲಿ ಒಂದರ ಬಗ್ಗೆ ಇಲ್ಲಿ ಬರೆದಿದ್ದೇನೆ.

ಇದು ಏನು ಕಾಯಿಲೆ? ಡಾಕ್ಟರ್ ಚೀಟಿಯಲ್ಲಿ ‘ಎನ್‌ಎಐಒಎನ್’ ಅಂತ ಬರೆದಿದ್ದಾರೆ.

ಕಣ್ಣಿನಿಂದ ಮೆದುಳಿಗೆ ಹೋಗುವ ದೃಷ್ಟಿ ನರಕ್ಕೆ ಸಾಕಷ್ಟು ರಕ್ತ ಸಿಗದೆ ನರದ ಎಳೆಗಳು ಸಾಯುವುದು. ಇಸ್ಕೀಮಿಕ್ ಆಪ್ಟಿಕ್ ನ್ಯೂರೋಪಥಿ ಎಂದು ಇದರ ಹೆಸರು. ಜನರ ಬಾಯಲ್ಲಿ ‘ಕಣ್ಣಿನ ಸ್ಟ್ರೋಕ್’. ಒಂದು ದೃಷ್ಟಿ ನರದಲ್ಲಿ ಸುಮಾರು 10ರಿಂದ 12 ಲಕ್ಷ ಎಳೆಗಳಿರುತ್ತವೆ. ಎಷ್ಟು ಎಳೆಗಳು ಸಾಯುತ್ತವೋ ಅಷ್ಟು ನೋಟ ಹೋಗುತ್ತದೆ.

ನರ ಕಣ್ಣುಗುಡ್ಡೆಯಿಂದ ಹೊರಡುವ ಜಾಗಕ್ಕೆ ಡಿಸ್ಕ್ ಅನ್ನುತ್ತಾರೆ. ತೊಂದರೆ ಅಲ್ಲೇ ಆದರೆ ಆಂಟೀರಿಯರ್ ವಿಧ, ಅಂದರೆ ಮುಂಭಾಗದ್ದು. ಹೆಚ್ಚಿನವರಿಗೆ ಆಗುವುದು ಇದು. ನರದ ಹಿಂಭಾಗದಲ್ಲಿ ಆದರೆ ಪೋಸ್ಟೀರಿಯರ್ ವಿಧ, ಇದು ಕಡಿಮೆ. ಮುಂಭಾಗದ್ದರಲ್ಲಿ ಮತ್ತೆ ಎರಡು ಬಗೆ: ರಕ್ತನಾಳದ ಉರಿಯೂತದಿಂದ ಬರುವ ಆರ್ಟೆರಿಟಿಕ್, ಉರಿಯೂತ ಇಲ್ಲದೆ ಬರುವ ನಾನ್-ಆರ್ಟೆರಿಟಿಕ್. ನಿಮ್ಮ ಚೀಟಿಯಲ್ಲಿರುವ ‘ಎನ್‌ಎಐಒಎನ್’ ಈ ಎರಡನೆಯದು. ಹೆಸರುಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಉರಿಯೂತ ಇದೆಯೋ ಇಲ್ಲವೋ ಎಂಬ ಒಂದು ಪ್ರಶ್ನೆ ಮಾತ್ರ ನೆನಪಿರಲಿ. ಮೊದಲ ದಿನ ಎಲ್ಲವೂ ಅದರ ಮೇಲೇ ನಿಂತಿರುತ್ತದೆ.

ನರಕ್ಕೆ ರಕ್ತ ಕಡಿಮೆಯಾಗುವುದು ಯಾಕೆ? ಹೃದಯದಲ್ಲಿ ಆಗುವ ಹಾಗೆ ಬ್ಲಾಕ್ ಆಗುತ್ತದಾ?

ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ಡಿಸ್ಕ್‌ಗೆ ರಕ್ತ ತರುವುದು ಕಣ್ಣಿನ ಹಿಂದಿರುವ ಸಣ್ಣ ಸಣ್ಣ ಸಿಲಿಯರಿ ರಕ್ತನಾಳಗಳು. ಇವು ತಮ್ಮ ತಮ್ಮ ಪಾಲಿನ ಜಾಗಕ್ಕೆ ಮಾತ್ರ ರಕ್ತ ಕೊಡುತ್ತವೆ. ಒಂದರಲ್ಲಿ ಕಡಿಮೆಯಾದರೆ ಪಕ್ಕದ್ದು ಬಂದು ತುಂಬುವುದು ಕಷ್ಟ. ಎರಡು ನಾಳಗಳ ಪಾಲು ಸೇರುವ ಗಡಿ ಬಹಳ ಜನರಲ್ಲಿ ಡಿಸ್ಕ್ ಮೇಲೆಯೇ ಹಾದುಹೋಗುತ್ತದೆ. ಕಾಲುವೆಯ ಕೊನೆಯ ಗದ್ದೆಯ ಕಥೆ ಇದು. ಅಣೆಕಟ್ಟಿನಲ್ಲಿ ನೀರಿನ ಮಟ್ಟ ಇಳಿದರೆ ಮೇಲಿನ ಗದ್ದೆಯವರಿಗೆ ಗೊತ್ತೂ ಆಗುವುದಿಲ್ಲ, ಕೊನೆಯವರ ಪೈರು ಮಾತ್ರ ಒಣಗುತ್ತದೆ. ಬಿಪಿ ಸ್ವಲ್ಪ ಹೊತ್ತು ಕೆಳಗಿಳಿದರೂ ಡಿಸ್ಕ್‌ನ ಆ ಗಡಿಭಾಗಕ್ಕೆ ಪೆಟ್ಟು ಬೀಳಬಹುದು.

ಆಮೇಲೆ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ರಕ್ತ ಸಾಲದೆ ಎಳೆಗಳು ಊದುತ್ತವೆ. ನರ ಹೊರಗೆ ಹೋಗುವ ಕಿಂಡಿ ಇಕ್ಕಟ್ಟಾಗಿದ್ದರೆ ಊದಿದ ಎಳೆಗಳೇ ಪಕ್ಕದ ಎಳೆಗಳನ್ನೂ ಸಣ್ಣ ರಕ್ತನಾಳಗಳನ್ನೂ ಒತ್ತುತ್ತವೆ. ರಕ್ತ ಇನ್ನೂ ಕಡಿಮೆಯಾಗುತ್ತದೆ, ಊತ ಇನ್ನೂ ಜಾಸ್ತಿಯಾಗುತ್ತದೆ. ಮೊದಲ ದಿನ ಪರವಾಗಿಲ್ಲ ಎನ್ನುವಂತಿದ್ದ ನೋಟ ಕೆಲವರಲ್ಲಿ ಒಂದೆರಡು ವಾರ ಇಳಿಯುತ್ತಲೇ ಹೋಗುವುದಕ್ಕೆ ಇದು ಕಾರಣ ಎಂದು ತಜ್ಞರು ಹೇಳುತ್ತಾರೆ.

ಈ ರಕ್ತನಾಳಗಳ ನಕ್ಷೆಯನ್ನು ಬಿಡಿಸಿಟ್ಟವರಲ್ಲಿ ದೊಡ್ಡ ಹೆಸರು ಸೋಹನ್ ಸಿಂಗ್ ಹೇರೆ ಅವರದು. ಪಂಜಾಬಿನಲ್ಲಿ ಹುಟ್ಟಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಇದೇ ಕೆಲಸ ಮಾಡಿದವರು.

ಲಕ್ಷಣ ಹೇಗಿರುತ್ತದೆ?

ಒಂದೇ ಕಣ್ಣು, ದಿಢೀರನೆ, ನೋವಿಲ್ಲದೆ. ಬಹಳ ಜನ ಗಮನಿಸುವುದು ಬೆಳಿಗ್ಗೆ ಎದ್ದಾಗ, ಅಥವಾ ಆ ದಿನ ಮೊದಲ ಸಲ ಪೇಪರ್ ಓದಲು ಕೂತಾಗ. ‘ಕಣ್ಣ ಮುಂದೆ ಪರದೆ ಇಳಿದ ಹಾಗಿದೆ’, ‘ಕೆಳಗಿನ ಅರ್ಧ ಕಪ್ಪು’, ‘ಹೊಗೆ ತುಂಬಿದ ಹಾಗೆ’ ಎಂದು ಹೇಳುತ್ತಾರೆ.

ಕೆಳಗಿನ ಅರ್ಧ ಹೋಗುವುದು ಈ ಕಾಯಿಲೆಯ ಗುರುತು. ನರದ ಮೇಲಿನ ಅರ್ಧಕ್ಕೆ ಪೆಟ್ಟಾದರೆ ನೋಟದ ಕೆಳಗಿನ ಅರ್ಧ ಹೋಗುತ್ತದೆ, ಅಡ್ಡಗೆರೆ ಎಳೆದ ಹಾಗೆ. ಹೀಗಾದವರು ಮೆಟ್ಟಿಲು ಇಳಿಯುವಾಗ ತಡವರಿಸುತ್ತಾರೆ. ತಟ್ಟೆಯ ತಮ್ಮ ಕಡೆಯ ಅನ್ನ ಕಾಣುವುದಿಲ್ಲ. ಇನ್ನೊಂದು ಕಣ್ಣು ಸರಿಯಿರುವವರೆಗೆ ಇದೆಲ್ಲ ಮುಚ್ಚಿಹೋಗಬಹುದು. ಅದಕ್ಕೇ ಎಷ್ಟೋ ಜನ ಮುಖ ತೊಳೆಯುವಾಗ ಒಳ್ಳೆಯ ಕಣ್ಣಿನ ಮೇಲೆ ಕೈ ಇಟ್ಟುಕೊಂಡಾಗ ಮಾತ್ರ ಬೆಚ್ಚಿಬೀಳುತ್ತಾರೆ.

ನೋಟದ ಮಧ್ಯಭಾಗ ಉಳಿದಿದ್ದರೆ ಗೋಡೆಯ ಚಾರ್ಟ್‌ನಲ್ಲಿ 6/6 ಸಾಲನ್ನೂ ಓದಬಹುದು. ಹಾಗಂತ ಕಣ್ಣು ಸರಿಯಿದೆ ಎಂದಲ್ಲ. ಕನ್ನಡಕದ ಅಂಗಡಿಯಲ್ಲಿ ‘ನಂಬರ್ ಸರಿಯಿದೆ, ಏನೂ ಇಲ್ಲ’ ಎಂದು ಕಳಿಸಿದರೆ ಅಲ್ಲಿಗೇ ಬಿಡಬೇಡಿ. ಚಾರ್ಟ್ ನೋಟದ ನಡುವನ್ನು ಮಾತ್ರ ಅಳೆಯುತ್ತದೆ.

ಬಣ್ಣವೂ ಮಾಸುತ್ತದೆ. ಕೆಂಪು ಮುಚ್ಚಳವೊಂದನ್ನು ಒಂದೊಂದೇ ಕಣ್ಣಲ್ಲಿ ನೋಡಿದರೆ ಪೆಟ್ಟಾದ ಕಣ್ಣಿಗೆ ಅದು ತೊಳೆದ ಹಾಗೆ ಕಾಣಬಹುದು. ನೋವು ಇದ್ದರೂ ಸುಮಾರು ಹತ್ತರಲ್ಲಿ ಒಬ್ಬರಿಗೆ, ಅದೂ ಸಣ್ಣದಾಗಿ.

ನೋವೇ ಇಲ್ಲವಲ್ಲ, ಎರಡು ದಿನ ನೋಡಿ ಹೋದರೆ ಆಗಲ್ವಾ?

ಆಗುವುದಿಲ್ಲ. ಕಣ್ಣು ಕೆಂಪಾದರೆ, ಚುಚ್ಚಿದರೆ ನಾವು ಓಡುತ್ತೇವೆ. ಸುಮ್ನೆ ಮಂಜಾದರೆ ಡ್ರಾಪ್ಸ್ ಹಾಕಿಕೊಂಡು ಕಾಯುತ್ತೇವೆ. ಕಣ್ಣಿನ ವಿಷಯದಲ್ಲಿ ಇದು ಉಲ್ಟಾ ಲೆಕ್ಕ. ಮದ್ರಾಸ್ ಐ ಸಿಕ್ಕಾಪಟ್ಟೆ ಕಾಡಿ ತಾನೇ ಹೋಗುತ್ತದೆ. ನರದ ತೊಂದರೆ ಸದ್ದಿಲ್ಲದೆ ಬಂದು ನೋಟ ತೆಗೆದುಕೊಂಡು ಹೋಗುತ್ತದೆ.

ಅವತ್ತೇ ಹೋಗಬೇಕು ಅನ್ನುವುದಕ್ಕೆ ಎರಡು ಕಾರಣ. ಒಂದು, ಉರಿಯೂತದ ಬಗೆಯಾಗಿದ್ದರೆ ಇನ್ನೊಂದು ಕಣ್ಣು ಕೆಲವೇ ದಿನಗಳಲ್ಲಿ ಹೋಗಬಹುದು. ಎರಡು, ಇದೇ ರೀತಿ ನೋವಿಲ್ಲದೆ ದಿಢೀರನೆ ನೋಟ ಹೋಗುವ ಇನ್ನೊಂದು ಕಾಯಿಲೆ ರೆಟಿನಾದ ಮುಖ್ಯ ರಕ್ತನಾಳ ಕಟ್ಟಿಕೊಳ್ಳುವುದು. ಅದು ಮೆದುಳಿನ ಸ್ಟ್ರೋಕ್‌ನಷ್ಟೇ ತುರ್ತು, ಗಂಟೆಗಳ ಲೆಕ್ಕ. ಮನೆಯಲ್ಲಿ ಕೂತು ಇದು ಅದೋ ಇದೋ ಎಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಜೊತೆಗೆ ಕೈಕಾಲು ಶಕ್ತಿ ಕುಂದುವುದು, ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು ಇದ್ದರೆ ಕಣ್ಣಾಸ್ಪತ್ರೆಗಲ್ಲ, ನೇರ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಉರಿಯೂತದ ಬಗೆ ಅಂದಿರಿ. ಅದನ್ನು ಹೇಗೆ ಗುರುತಿಸುವುದು?

ಇದರ ಹಿಂದಿರುವ ಕಾಯಿಲೆ ಜೈಂಟ್ ಸೆಲ್ ಆರ್ಟೆರೈಟಿಸ್. ತಲೆ ಮತ್ತು ಕಣ್ಣಿನ ಕಡೆ ಹೋಗುವ ರಕ್ತನಾಳಗಳ ಗೋಡೆಯೇ ಊದಿ ದಾರಿ ಮುಚ್ಚುತ್ತದೆ. 50ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಇದು ಕಾಣುವುದೇ ಇಲ್ಲ ಎನ್ನಬಹುದು. 70 ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಜಾಸ್ತಿ.

ಮನೆಯ ಹಿರಿಯರನ್ನು ಕೇಳಬೇಕಾದ ಪ್ರಶ್ನೆಗಳಿವೆ. ಇತ್ತೀಚೆಗೆ ಹೊಸದಾಗಿ ತಲೆನೋವು ಶುರುವಾಗಿದೆಯಾ? ತಲೆ ಬಾಚುವಾಗ, ದಿಂಬಿಗೆ ತಲೆ ಕೊಟ್ಟಾಗ ನೆತ್ತಿ ಅಥವಾ ಕಣತಲೆ (ಕಣ್ಣು ಕಿವಿಗಳ ನಡುವಿನ ಜಾಗ) ಮುಟ್ಟಿದರೆ ನೋವಾ? ರೊಟ್ಟಿ ಅಗಿಯುತ್ತಾ ಹೋದರೆ ದವಡೆ ಸೋತು ನೋವು ಬಂದು ನಿಲ್ಲಿಸಿದರೆ ಕಡಿಮೆಯಾಗುತ್ತದಾ? ಹೆಗಲು, ಸೊಂಟ ಬೆಳಿಗ್ಗೆ ಬಿಗಿದುಕೊಂಡು ಏಳಲು ಕಷ್ಟವಾ? ಸಣ್ಣ ಜ್ವರ, ಹಸಿವಿಲ್ಲದಿರುವುದು, ತೂಕ ಇಳಿಯುವುದು? ಒಂದೆರಡು ನಿಮಿಷ ಕಣ್ಣು ಕತ್ತಲಾಗಿ ಮತ್ತೆ ಬಂದದ್ದು, ಒಂದು ಎರಡಾಗಿ ಕಂಡದ್ದು ಉಂಟಾ? ಇವುಗಳಲ್ಲಿ ದವಡೆಯ ನೋವನ್ನು ಡಾಕ್ಟರ್ ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಹಿರಿಯರು ಅದನ್ನು ಹಲ್ಲಿನ ನೋವು ಎಂದುಕೊಂಡು ಹೇಳುವುದೇ ಇಲ್ಲ, ನೀವೇ ಕೇಳಬೇಕು.

ಹೇರೆ ಅವರ ತಂಡದ ಅಧ್ಯಯನವೊಂದರಲ್ಲಿ ಈ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡ ಸುಮಾರು ಐದರಲ್ಲಿ ಒಬ್ಬರಿಗೆ ಕಣ್ಣು ಬಿಟ್ಟರೆ ಬೇರೆ ಯಾವ ಲಕ್ಷಣವೂ ಇರಲಿಲ್ಲ. ಆದ್ದರಿಂದ 50 ದಾಟಿದವರಿಗೆ ಲಕ್ಷಣ ಇಲ್ಲದಿದ್ದರೂ ಉರಿಯೂತದ ಸುಳಿವು ಕೊಡುವ ರಕ್ತ ಪರೀಕ್ಷೆ ಆಗಲೇಬೇಕು: ಇಎಸ್‌ಆರ್, ಸಿಆರ್‌ಪಿ, ಪ್ಲೇಟ್‌ಲೆಟ್ ಎಣಿಕೆ. ಒಂದನ್ನೇ ನಂಬುವಂತಿಲ್ಲ. ನಮ್ಮಲ್ಲಿ ರಕ್ತಹೀನತೆ, ಟಿಬಿ, ಯಾವುದೋ ಹಳೆಯ ಸೋಂಕು ಇದ್ದರೂ ಇಎಸ್‌ಆರ್ ಏರಿರುತ್ತದೆ. ಎಲ್ಲವನ್ನೂ ಸೇರಿಸಿ ನೋಡುತ್ತಾರೆ. ಅನುಮಾನ ಗಟ್ಟಿಯಾದರೆ ಕಣತಲೆಯ ರಕ್ತನಾಳದ ಸಣ್ಣ ತುಂಡು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ.

ಅದು ಬಿಳಿಯರ ಕಾಯಿಲೆ ಅಲ್ವಾ? ನಮ್ಮಲ್ಲಿ ಇದೆಯಾ?

ಉತ್ತರ ಯುರೋಪ್ ಮೂಲದವರಲ್ಲಿ ಜಾಸ್ತಿ ಎನ್ನುವುದು ನಿಜ. ಭಾರತದಲ್ಲಿ ಅಪರೂಪ, ಆದರೆ ಇದೆ. ಅಪರೂಪ ಎಂಬ ಕಾರಣಕ್ಕೆ ಹುಡುಕದೇ ಬಿಡುವುದು ಅಪಾಯ. ಮೂರು ಅಗ್ಗದ ರಕ್ತ ಪರೀಕ್ಷೆ ಬಿಟ್ಟು ಒಬ್ಬರ ಎರಡೂ ಕಣ್ಣು ಹೋಗುವುದಕ್ಕೆ ನನ್ನ ಪ್ರಕಾರ ಯಾವ ಸಮರ್ಥನೆಯೂ ಇಲ್ಲ.

ಸರಿ, ಉರಿಯೂತ ಇಲ್ಲದ ಬಗೆ ಯಾರಿಗೆ ಬರುತ್ತದೆ?

ಅಮೆರಿಕದ ಅಧ್ಯಯನಗಳ ಪ್ರಕಾರ 50 ದಾಟಿದ ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು 2ರಿಂದ 10 ಜನರಿಗೆ. 50ರ ಒಳಗಿನವರಿಗೂ ಬರುತ್ತದೆ.

ಹುಟ್ಟಿನಿಂದಲೇ ಇರುವ ಒಂದು ಕಾರಣ ಡಿಸ್ಕ್‌ನ ಆಕಾರ. ಸಾಮಾನ್ಯವಾಗಿ ಡಿಸ್ಕ್‌ನ ನಡುವೆ ಸಣ್ಣ ಗುಳಿ ಇರುತ್ತದೆ. ಕೆಲವರಿಗೆ ಡಿಸ್ಕ್ ಚಿಕ್ಕದು, ಗುಳಿಯೇ ಇಲ್ಲ, ಎಳೆಗಳು ಒತ್ತೊತ್ತಾಗಿ ತುಂಬಿಕೊಂಡಿರುತ್ತವೆ. ಡಾಕ್ಟರ್‌ಗಳು ಇದನ್ನು ‘ಡಿಸ್ಕ್ ಅಟ್ ರಿಸ್ಕ್’ ಅನ್ನುತ್ತಾರೆ. ತಮಾಷೆ ನೋಡಿ: ಗುಳಿ ದೊಡ್ಡದಾಗುತ್ತಾ ಹೋಗುವ ಗ್ಲಾಕೋಮಾ ಕಾಯಿಲೆ ಹುಡುಕುವಾಗ ಗುಳಿ ಚಿಕ್ಕದಿದ್ದರೆ ಎಲ್ಲರಿಗೂ ಖುಷಿ, ಇಲ್ಲಿ ಅದೇ ಕಾಟ. ಇಂಥ ಡಿಸ್ಕ್ ಇರುವ ಬಹುಪಾಲು ಜನರಿಗೆ ಜೀವನಪೂರ್ತಿ ಏನೂ ಆಗುವುದಿಲ್ಲ ಎನ್ನುವುದೂ ಅಷ್ಟೇ ನಿಜ. ಅದರ ಮೇಲೆ ಬೇರೇನಾದರೂ ಬಂದು ಕೂತಾಗ ತೊಂದರೆ.

ಆ ‘ಬೇರೇನಾದರೂ’ ಪಟ್ಟಿಯಲ್ಲಿ ಮೊದಲು ಶುಗರ್, ಬಿಪಿ. ಆಮೇಲೆ ಕೊಲೆಸ್ಟ್ರಾಲ್, ನಿದ್ದೆಯಲ್ಲಿ ಉಸಿರು ಕಟ್ಟುವುದು, ಡಿಸ್ಕ್ ಒಳಗೆ ಸುಣ್ಣದಂಥ ಹರಳು (ಡ್ರೂಸೆನ್), ತೀವ್ರ ರಕ್ತಹೀನತೆ, ಡಯಾಲಿಸಿಸ್ ವೇಳೆ ಬಿಪಿ ಕುಸಿಯುವುದು. ಬೀಡಿ ಸಿಗರೇಟಿನ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಆದರೂ ರಕ್ತನಾಳದ ಕಾಯಿಲೆ ಬಂದವರು ಸೇದುವುದನ್ನು ಬಿಡಲು ಇನ್ನೊಂದು ಅಧ್ಯಯನಕ್ಕಾಗಿ ಕಾಯಬೇಕಿಲ್ಲ.

ಎಷ್ಟೋ ಜನರಿಗೆ ತಮಗೆ ಶುಗರ್ ಇದೆ ಎಂದು ಮೊದಲ ಸಲ ಗೊತ್ತಾಗುವುದೇ ಕಣ್ಣಾಸ್ಪತ್ರೆಯಲ್ಲಿ ಹೀಗೆ ರಕ್ತ ಕೊಟ್ಟಾಗ.

ರಾತ್ರಿ ಬಿಪಿ ಮಾತ್ರೆ ತೆಗೆದುಕೊಳ್ಳುವುದರಿಂದ ಹೀಗಾಯಿತು ಅನ್ನುತ್ತಾರೆ. ನಿಜವಾ?

ಕೇಳಬೇಕಾದ ಪ್ರಶ್ನೆಯೇ. ನಿದ್ದೆಯಲ್ಲಿ ಸಾಮಾನ್ಯವಾಗಿ ಬಿಪಿ ಹಗಲಿಗಿಂತ ಶೇ. 10ರಿಂದ 20ರಷ್ಟು ಇಳಿಯುತ್ತದೆ. ಮಲಗುವ ಮುಂಚೆ ಜೋರಾದ ಬಿಪಿ ಮಾತ್ರೆ ನುಂಗಿದರೆ ಕೆಲವರಲ್ಲಿ ಇನ್ನೂ ಕೆಳಗೆ ಹೋಗಬಹುದು. ರಾತ್ರಿಯ ಈ ಇಳಿತವೇ ಡಿಸ್ಕ್‌ಗೆ ಪೆಟ್ಟು ಕೊಡುತ್ತದೆ, ಅದಕ್ಕೇ ಬೆಳಿಗ್ಗೆ ಎದ್ದಾಗ ಗೊತ್ತಾಗುತ್ತದೆ ಎಂದು 1990ರ ದಶಕದಲ್ಲಿ ಹೇರೆ ವಾದಿಸಿದರು. ಹೇಳಿಕೆ ಒಪ್ಪುವಂತಿದೆ. ಆದರೆ ಎಲ್ಲ ತಜ್ಞರೂ ಒಪ್ಪಿಲ್ಲ, ಪಕ್ಕಾ ಪುರಾವೆ ಸಿಕ್ಕಿಲ್ಲ.

ಹಾಗಾದರೆ ಏನು ಮಾಡುವುದು? ಮಾತ್ರೆ ನಿಲ್ಲಿಸಬೇಡಿ. ಇದನ್ನು ಎರಡು ಸಲ ಬೇಕಾದರೂ ಹೇಳುತ್ತೇನೆ, ಯಾಕೆಂದರೆ ಕಣ್ಣು ಉಳಿಸಲು ಹೋಗಿ ಬಿಪಿ ಏರಿಸಿಕೊಂಡು ಲಕ್ವ ಹೊಡೆಸಿಕೊಳ್ಳುವುದು ಯಾರಿಗೂ ಬೇಡ. ಒಂದು ಕಣ್ಣಿಗೆ ಈ ಕಾಯಿಲೆ ಆಗಿದ್ದರೆ ಬಿಪಿ ನೋಡುವ ಡಾಕ್ಟರ್‌ಗೆ ಹೇಳಿ. ರಾತ್ರಿಯ ಮಾತ್ರೆಯನ್ನು ಬೆಳಿಗ್ಗೆಗೆ ಬದಲಾಯಿಸಬಹುದಾ ಎಂದು ಕೇಳಿ. ಬೇಕಿದ್ದರೆ ಅವರು 24 ಗಂಟೆ ತೋಳಿಗೆ ಕಟ್ಟಿಕೊಳ್ಳುವ ಬಿಪಿ ಯಂತ್ರ ಕೊಟ್ಟು ರಾತ್ರಿ ಎಷ್ಟಕ್ಕೆ ಇಳಿಯುತ್ತದೆ ನೋಡುತ್ತಾರೆ. ಪ್ರಾಸ್ಟೇಟ್‌ಗೆ ರಾತ್ರಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಅದರಲ್ಲಿ ಕೆಲವು ಬಿಪಿಯನ್ನೂ ಇಳಿಸುತ್ತವೆ.

ಇನ್ನೊಂದು ಸಂಗತಿ. ಬಿಪಿ 220 ದಾಟಿ ಎರಡೂ ಕಣ್ಣಿನ ಡಿಸ್ಕ್ ಊದಿ ಬರುವವರಿದ್ದಾರೆ. ಅವರ ಬಿಪಿಯನ್ನು ಒಂದೇ ಏಟಿಗೆ ಕೆಳಗಿಳಿಸಿದರೆ ನರಕ್ಕೆ ರಕ್ತ ಸಾಲದಾಗಬಹುದು. ಹಂತ ಹಂತವಾಗಿ ಇಳಿಸುವುದು ಅದಕ್ಕೇ.

ಗೊರಕೆಗೂ ಕಣ್ಣಿಗೂ ಏನು ಸಂಬಂಧ?

ಬರೀ ಗೊರಕೆಗೆ ಅಲ್ಲ. ಗೊರಕೆಯ ನಡುವೆ ಉಸಿರು ನಿಂತು, ಮತ್ತೆ ಎಳೆದುಕೊಂಡು ಏಳುವ ಸ್ಲೀಪ್ ಆಪ್ನಿಯಾ ಇದ್ದವರಲ್ಲಿ ಈ ಕಾಯಿಲೆ ಜಾಸ್ತಿ ಕಂಡುಬಂದಿದೆ. ಉಸಿರು ನಿಂತಾಗಲೆಲ್ಲ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಬಿಪಿ ಏರುಪೇರಾಗುತ್ತದೆ. ಇದನ್ನು ಹೇಳಬೇಕಾದವರು ಪಕ್ಕದಲ್ಲಿ ಮಲಗುವವರು. ಡಾಕ್ಟರ್ ಹತ್ತಿರ ಹೋಗುವಾಗ ಹೆಂಡತಿಯನ್ನೋ ಗಂಡನನ್ನೋ ಕರೆದುಕೊಂಡು ಹೋಗಿ. ಹಗಲಲ್ಲಿ ತೂಕಡಿಕೆ, ದಪ್ಪ ಕುತ್ತಿಗೆ, ಬೆಳಿಗ್ಗೆ ತಲೆಭಾರ ಇದ್ದರೆ ನಿದ್ದೆಯ ಪರೀಕ್ಷೆ ಮಾಡಿಸುತ್ತಾರೆ. ಮಲಗುವಾಗ ಉಸಿರಿನ ದಾರಿಗೆ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಹಾಕಿಕೊಂಡರೆ ಇನ್ನೊಂದು ಕಣ್ಣು ಖಂಡಿತ ಉಳಿಯುತ್ತದೆ ಎಂದು ಹೇಳುವಂತಿಲ್ಲ. ಆದರೆ ಹೃದಯಕ್ಕೆ, ಬಿಪಿಗೆ ಅದು ಹೇಗೂ ಬೇಕು.

ಯಾವ ಔಷಧಿಗಳ ಬಗ್ಗೆ ಎಚ್ಚರ ಬೇಕು?

ಸಿಲ್ಡೆನಾಫಿಲ್, ಟಡಾಲಾಫಿಲ್ ಗುಂಪಿನ ಮಾತ್ರೆಗಳು, ಅಂದರೆ ಗಂಡಸರ ಲೈಂಗಿಕ ತೊಂದರೆಗೆ ಕೊಡುವಂಥವು. 2005ರಲ್ಲೇ ಅಮೆರಿಕದ ಔಷಧ ನಿಯಂತ್ರಕರು ಇವುಗಳ ಲೇಬಲ್‌ನಲ್ಲಿ ಈ ಕಣ್ಣಿನ ತೊಂದರೆಯ ಎಚ್ಚರಿಕೆ ಸೇರಿಸಿದರು. ಮಾತ್ರೆಯೇ ಕಾರಣ ಎಂದು ಸಾಬೀತಾಗಿಲ್ಲ. ಇದನ್ನು ನುಂಗುವವರಲ್ಲಿ ಶುಗರ್, ಬಿಪಿ ಇದ್ದವರೇ ಜಾಸ್ತಿ. ಆದರೂ ಒಂದು ಕಣ್ಣಿಗೆ ಆಗಿದ್ದವರು ಇದನ್ನು ತೆಗೆದುಕೊಳ್ಳದಿರುವುದೇ ಒಳ್ಳೆಯದು. ನಮ್ಮಲ್ಲಿ ಚೀಟಿ ಇಲ್ಲದೆ ಮೆಡಿಕಲ್ ಶಾಪ್‌ನಲ್ಲಿ ಕೊಳ್ಳುವವರಿದ್ದಾರೆ, ನಾಚಿಕೆಯಿಂದ ಡಾಕ್ಟರ್‌ಗೆ ಹೇಳುವುದಿಲ್ಲ. ಹೇಳಿ. ಅವರಿಗೆ ಇದು ಹೊಸದೇನಲ್ಲ.

ಸೆಮಾಗ್ಲುಟೈಡ್. ಶುಗರ್‌ಗೆ, ತೂಕ ಇಳಿಸಲು ಕೊಡುವ ಇಂಜೆಕ್ಷನ್ ಮತ್ತು ಮಾತ್ರೆ. 2024ರಲ್ಲಿ ಬಾಸ್ಟನ್‌ನ ಕಣ್ಣಾಸ್ಪತ್ರೆಯೊಂದರ ವೈದ್ಯರು ತಮ್ಮಲ್ಲಿ ಇದನ್ನು ತೆಗೆದುಕೊಳ್ಳುತ್ತಿದ್ದವರಿಗೆ ಈ ಕಾಯಿಲೆ ಜಾಸ್ತಿ ಬಂದಿದೆ ಎಂದು ಬರೆದ ಮೇಲೆ ಗದ್ದಲವಾಯಿತು. 2025ರ ಜೂನ್‌ನಲ್ಲಿ ಯುರೋಪಿನ ಔಷಧ ನಿಯಂತ್ರಕರು ಎಲ್ಲ ಮಾಹಿತಿ ನೋಡಿ, ಇದು ಆ ಔಷಧಿಯ ಬಹಳ ಅಪರೂಪದ ಅಡ್ಡಪರಿಣಾಮ, ಹೆಚ್ಚೆಂದರೆ 10,000 ಜನರಲ್ಲಿ ಒಬ್ಬರಿಗೆ ಆಗಬಹುದು ಎಂದರು. ನನ್ನ ಅಭಿಪ್ರಾಯ ಇಷ್ಟು: ಶುಗರ್‌ಗೆ ನಿಜವಾಗಿ ಬೇಕಾದವರು ಹೆದರಿ ಬಿಡಬಾರದು, ಮದುವೆಗೆ ಮುಂಚೆ ನಾಲ್ಕು ಕೆಜಿ ಇಳಿಸಲು ತೆಗೆದುಕೊಳ್ಳುವವರು ಒಮ್ಮೆ ಯೋಚಿಸಲಿ. ಔಷಧಿಯ ನಡುವೆ ನೋಟ ದಿಢೀರನೆ ಕುಂದಿದರೆ ಅವತ್ತೇ ಡಾಕ್ಟರ್‌ಗೆ ತೋರಿಸಿ.

ಹೃದಯದ ಬಡಿತ ಸರಿಪಡಿಸುವ ಅಮಿಯೊಡರೋನ್‌ನಿಂದಲೂ ಡಿಸ್ಕ್ ಊದಬಹುದು. ಅದು ಸಾಮಾನ್ಯವಾಗಿ ನಿಧಾನ, ಎರಡೂ ಕಣ್ಣಿಗೆ ಆಗಬಹುದು. ಹೃದಯದ ಡಾಕ್ಟರ್‌ ಅನ್ನು ಕೇಳದೆ ಅದನ್ನು ನಿಲ್ಲಿಸುವಂತಿಲ್ಲ.

ಬೆನ್ನಿನ ಆಪರೇಷನ್‌ಗೆ ಹೋದವರಿಗೆ ಕಣ್ಣು ಹೋಯಿತು ಎಂದು ಕೇಳಿದ್ದೇನೆ. ಹಾಗೂ ಆಗುತ್ತದಾ?

ಅಪರೂಪಕ್ಕೆ ಆಗುತ್ತದೆ. ಬೋರಲಾಗಿ ಮಲಗಿಸಿ ಗಂಟೆಗಟ್ಟಲೆ ಮಾಡುವ ಬೆನ್ನುಮೂಳೆಯ ಆಪರೇಷನ್, ಹೃದಯದ ಬೈಪಾಸ್, ತುಂಬಾ ರಕ್ತ ಹೋದ ಅಪಘಾತ, ಹೊಟ್ಟೆಯೊಳಗಿನ ರಕ್ತಸ್ರಾವ ಇವುಗಳ ನಂತರ. ಬೆನ್ನಿನ ಆಪರೇಷನ್ ನಂತರ ಪೆಟ್ಟಾಗುವುದು ಹೆಚ್ಚಾಗಿ ನರದ ಹಿಂಭಾಗಕ್ಕೆ. ಎಷ್ಟೋ ಸಲ ಎರಡೂ ಕಣ್ಣಿಗೆ. ಮೊದಲ ದಿನಗಳಲ್ಲಿ ಕಣ್ಣೊಳಗೆ ನೋಡಿದರೆ ಡಿಸ್ಕ್ ಸರಿಯಾಗಿಯೇ ಕಾಣುತ್ತದೆ. ಬಿಳಿಚಿಕೊಳ್ಳುವುದು ನಾಲ್ಕರಿಂದ ಆರು ವಾರದ ನಂತರ. ಹೀಗಾಗಿ ‘ಅರಿವಳಿಕೆ ಇನ್ನೂ ಇಳಿದಿಲ್ಲ’ ಎಂದು ದಾಟಿಸಿಬಿಡುವ ಅಪಾಯವಿದೆ. ಎಚ್ಚರವಾದ ಮೇಲೆ ಕಣ್ಣು ಕಾಣುತ್ತಿಲ್ಲ ಎಂದು ರೋಗಿ ಹೇಳಿದರೆ ಅದನ್ನು ತೇಲಿಸದೆ ತಕ್ಷಣ ನರ್ಸ್‌ಗೆ, ಡಾಕ್ಟರ್‌ಗೆ ತಿಳಿಸಿ.

ಕಣ್ಣಿನ ಡಾಕ್ಟರ್ ಏನೇನು ನೋಡುತ್ತಾರೆ?

ಟಾರ್ಚ್ ಬೆಳಕನ್ನು ಒಂದು ಕಣ್ಣಿಂದ ಇನ್ನೊಂದಕ್ಕೆ ಆಡಿಸುತ್ತಾರೆ. ನರಕ್ಕೆ ಪೆಟ್ಟಾದ ಕಣ್ಣಿಗೆ ಬೆಳಕು ಬಂದಾಗ ಪಾಪೆ ಕುಗ್ಗುವ ಬದಲು ಹಿಗ್ಗುತ್ತದೆ. ಯಂತ್ರ ಬೇಡ, ದುಡ್ಡು ಬೇಡ, ಇಷ್ಟರಲ್ಲೇ ತೊಂದರೆ ನರದ ಕಡೆಯದು ಎಂಬ ಸುಳಿವು ಸಿಗುತ್ತದೆ. ಆದರೆ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುವ ಮುಂಚೆಯೇ ಇದನ್ನು ನೋಡಬೇಕು.

ಆಮೇಲೆ ಡ್ರಾಪ್ಸ್ ಹಾಕಿ ಡಿಸ್ಕ್ ನೋಡುತ್ತಾರೆ. ಊತ ಇದೆಯಾ, ಒಂದು ಭಾಗದಲ್ಲಾ, ಪೂರ್ತಿಯಾ, ಅಂಚಿನಲ್ಲಿ ಗೀರುಗಳಂಥ ರಕ್ತದ ಗುರುತು ಇದೆಯಾ. ಊತ ಸುಣ್ಣದಂತೆ ಬೆಳ್ಳಗಿದ್ದರೆ ಉರಿಯೂತದ ಬಗೆಯ ಅನುಮಾನ ಬಲವಾಗುತ್ತದೆ. ಇನ್ನೊಂದು ಕಣ್ಣಿನ ಡಿಸ್ಕ್‌ ಅನ್ನೂ ತಪ್ಪದೆ ನೋಡಬೇಕು. ಅದು ಚಿಕ್ಕದಾಗಿ ಒತ್ತಿಕೊಂಡಿದ್ದರೆ ಕಥೆ ಹೊಂದುತ್ತದೆ. ಅದರಲ್ಲಿ ದೊಡ್ಡ ಗುಳಿಯಿದ್ದರೆ ಡಾಕ್ಟರ್ ಮತ್ತೆ ಯೋಚಿಸುತ್ತಾರೆ.

ಫೀಲ್ಡ್ ಟೆಸ್ಟ್‌ನಲ್ಲಿ ಬೋಗುಣಿಯಂಥ ಯಂತ್ರದೊಳಗೆ ನೋಡುತ್ತಾ ಬೆಳಕಿನ ಚುಕ್ಕಿ ಕಂಡಾಗ ಗುಂಡಿ ಒತ್ತಬೇಕು. ಬೋರ್ ಹೊಡೆಯುತ್ತದೆ, ಆದರೆ ಎಷ್ಟು ಜಾಗ ಹೋಗಿದೆ ಎಂದು ತಿಳಿಯುವುದು ಇದರಲ್ಲೇ. ಒಸಿಟಿ ಸ್ಕ್ಯಾನ್ ನರದ ಪದರದ ದಪ್ಪ ಅಳೆಯುತ್ತದೆ. ಎಂಆರ್‌ಐ ಎಲ್ಲರಿಗೂ ಬೇಕಿಲ್ಲ. ಚಿಕ್ಕ ವಯಸ್ಸು, ನೋವು, ಎರಡೂ ಕಣ್ಣು, ಅಥವಾ ವಾರಗಳು ಕಳೆದರೂ ಇಳಿಯುತ್ತಲೇ ಇರುವ ನೋಟ ಇದ್ದರೆ ಬೇಕು.

ಬೇರೆ ಯಾವ ಕಾಯಿಲೆ ಹೀಗೇ ಕಾಣುತ್ತದೆ?

ಹೆಚ್ಚು ಗೊಂದಲ ಆಪ್ಟಿಕ್ ನ್ಯೂರೈಟಿಸ್ ಜೊತೆ. ಅದು ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನವರಿಗೆ, ಹೆಂಗಸರಿಗೆ ಜಾಸ್ತಿ, ಕಣ್ಣು ಆಡಿಸಿದರೆ ನೋವು, ಅಕ್ಷರಕ್ಕಿಂತ ಬಣ್ಣ ಜಾಸ್ತಿ ಮಾಸುತ್ತದೆ, ಕೆಲವು ವಾರಗಳಲ್ಲಿ ಬಹಳಷ್ಟು ವಾಪಸ್ ಬರುತ್ತದೆ. ಎರಡೂ ಡಿಸ್ಕ್ ಊದಿ ತಲೆನೋವು, ವಾಂತಿ ಇದ್ದರೆ ತಲೆಯೊಳಗಿನ ಒತ್ತಡ ಏರಿರಬಹುದು. ಟಿಬಿ ಮಾತ್ರೆ ಇಥಾಂಬುಟಾಲ್‌ನಿಂದಾಗುವ ನರದ ತೊಂದರೆ ಎರಡೂ ಕಣ್ಣಿಗೆ, ವಾರಗಳಲ್ಲಿ ನಿಧಾನವಾಗಿ ಬರುತ್ತದೆ.

ಚಿಕಿತ್ಸೆ ಇದೆಯಾ?

ಉರಿಯೂತದ ಬಗೆಗೆ ಇದೆ, ಮತ್ತು ಅದು ಗಡಿಬಿಡಿಯದ್ದು. ದೃಷ್ಟಿ ಹೋಗಿದ್ದರೆ ಸಾಮಾನ್ಯವಾಗಿ ಮಿಥೈಲ್‌ಪ್ರೆಡ್ನಿಸೋಲೋನ್ ಅನ್ನು ದಿನಕ್ಕೆ 1 ಗ್ರಾಂ ತನಕ ಮೂರು ದಿನ ಡ್ರಿಪ್‌ನಲ್ಲಿ ಕೊಟ್ಟು, ಆಮೇಲೆ ಮಾತ್ರೆಗೆ ಬಂದು, ತಿಂಗಳುಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ. ಬಯಾಪ್ಸಿ ಆಗಲಿ ಎಂದು ಕಾಯುವುದಿಲ್ಲ. ಸ್ಟಿರಾಯ್ಡ್ ಶುರುವಾಗಿ ಒಂದೆರಡು ವಾರ ಬಯಾಪ್ಸಿಯಲ್ಲಿ ಗುರುತು ಉಳಿದಿರುತ್ತದೆ. 2017ರಲ್ಲಿ ಟೋಸಿಲಿಜುಮಾಬ್ ಎಂಬ ಇಂಜೆಕ್ಷನ್‌ಗೂ ಅಮೆರಿಕದಲ್ಲಿ ಈ ಕಾಯಿಲೆಗೆ ಅನುಮತಿ ಸಿಕ್ಕಿತು. ಹೋದ ನೋಟ ಬರುವುದು ಕಡಿಮೆ. ಓಟ ಇನ್ನೊಂದು ಕಣ್ಣಿಗಾಗಿ.

ಉರಿಯೂತ ಇಲ್ಲದ ಬಗೆಗೆ, ನೇರವಾಗಿ ಹೇಳುತ್ತೇನೆ, ನೋಟ ವಾಪಸ್ ತರುತ್ತದೆ ಎಂದು ಸಾಬೀತಾದ ಚಿಕಿತ್ಸೆ ಇವತ್ತಿಗೂ ಇಲ್ಲ. ಒಂದು ಕಾಲದಲ್ಲಿ ನರದ ಸುತ್ತಲಿನ ಪೊರೆಯನ್ನು ಸೀಳಿ ಒತ್ತಡ ಇಳಿಸುವ ಆಪರೇಷನ್ ಮಾಡುತ್ತಿದ್ದರು. ಅಮೆರಿಕದಲ್ಲಿ ಅದನ್ನು ಸರಿಯಾಗಿ ಪರೀಕ್ಷೆಗೆ ಒಡ್ಡಿದಾಗ, 1995ರಲ್ಲಿ ಬಂದ ಫಲಿತಾಂಶ ಎಲ್ಲರ ಬಾಯಿ ಮುಚ್ಚಿಸಿತು. ಆರು ತಿಂಗಳಲ್ಲಿ ಚಾರ್ಟ್‌ನ ಮೂರು ಸಾಲು ಅಥವಾ ಹೆಚ್ಚು ಸುಧಾರಿಸಿದವರು ಆಪರೇಷನ್ ಆದವರಲ್ಲಿ ಶೇ. 32.6, ಸುಮ್ಮನೆ ಬಿಟ್ಟವರಲ್ಲಿ ಶೇ. 42.7. ಮೂರು ಸಾಲು ಕಳೆದುಕೊಂಡವರು ಆಪರೇಷನ್ ಆದವರಲ್ಲೇ ಹೆಚ್ಚು: ಶೇ. 23.9, ಇನ್ನೊಂದು ಕಡೆ ಶೇ. 12.4. ಆ ಆಪರೇಷನ್ ಅಲ್ಲಿಗೆ ನಿಂತಿತು.

ಸ್ಟಿರಾಯ್ಡ್ ಮಾತ್ರೆ ಕೊಡುವ ಡಾಕ್ಟರ್‌ಗಳಿದ್ದಾರೆ, ಕೊಡದವರೂ ಇದ್ದಾರೆ. ಹೇರೆ 2008ರಲ್ಲಿ ಅನುಕೂಲ ಕಂಡಿದ್ದಾಗಿ ಬರೆದರು, ಆದರೆ ಅವರ ಅಧ್ಯಯನದಲ್ಲಿ ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಹಂಚಿರಲಿಲ್ಲ. ಸ್ಟಿರಾಯ್ಡ್ ಬೇಕೋ ಬೇಡವೋ ಎಂದು ರೋಗಿಗಳೇ ಆರಿಸಿಕೊಂಡಿದ್ದರು. ಶುಗರ್ ಇದ್ದವರಿಗೆ ಸ್ಟಿರಾಯ್ಡ್ ಎಷ್ಟು ತೊಂದರೆ ಕೊಡುತ್ತದೆ ಎಂದು ಗೊತ್ತಲ್ಲ. ನಿಮ್ಮ ಡಾಕ್ಟರ್ ಯಾಕೆ ಕೊಡುತ್ತಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ. ‘ನರದ ಶಕ್ತಿಗೆ’ ಎಂದು ಬರೆಯುವ ಬಿ-ಕಾಂಪ್ಲೆಕ್ಸ್ ಮಾತ್ರೆಯಿಂದ ಸತ್ತ ಎಳೆ ಏಳುವುದಿಲ್ಲ. ಆಸ್ಪಿರಿನ್ ಹೃದಯಕ್ಕಾಗಿ ಬೇಕಾದವರಿಗೆ ಬೇಕು; ಇನ್ನೊಂದು ಕಣ್ಣನ್ನು ಕಾಯುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇಲ್ಲ.

ಹಾಗಾದರೆ ನೋಟ ಬರುವುದೇ ಇಲ್ವಾ?

ಮೇಲಿನ ಅಂಕಿ ಮತ್ತೆ ನೋಡಿ. ಏನೂ ಮಾಡದೆಯೂ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಜನ ಚಾರ್ಟ್‌ನಲ್ಲಿ ಸುಧಾರಿಸಿದರು. ಅದರಲ್ಲಿ ಒಂದಿಷ್ಟು ನಿಜವಾದ ಚೇತರಿಕೆ, ಒಂದಿಷ್ಟು ಉಳಿದ ಜಾಗದಿಂದ ನೋಡಲು ಕಣ್ಣು ಕಲಿತುಕೊಳ್ಳುವುದು. ಊತ ಸಾಮಾನ್ಯವಾಗಿ ಎರಡು ತಿಂಗಳ ಆಸುಪಾಸಿನಲ್ಲಿ ಇಳಿದು ಡಿಸ್ಕ್ ಬಿಳಿಚಿಕೊಳ್ಳುತ್ತದೆ. ಆರು ತಿಂಗಳ ಹೊತ್ತಿಗೆ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ. ಹೋದ ಕೆಳಗಿನ ಅರ್ಧ ಪೂರ್ತಿ ತುಂಬಿಕೊಳ್ಳುವುದು ಕಡಿಮೆ.

ಇದೇ ಕಾರಣಕ್ಕೆ ಎಲ್ಲ ಬಗೆಯ ಮದ್ದುಗಳಿಗೂ ಒಂದಿಷ್ಟು ‘ಯಶಸ್ಸಿನ ಕಥೆ’ ಸಿಗುತ್ತದೆ. ತಾನೇ ಆಗುವ ಸುಧಾರಣೆಯನ್ನು ಯಾರು ಬೇಕಾದರೂ ತಮ್ಮ ಖಾತೆಗೆ ಬರೆದುಕೊಳ್ಳಬಹುದು, ಅಲ್ವಾ?

ಕಣ್ಣು ದಾನ ಪಡೆದು ಬದಲಾಯಿಸಬಹುದಾ? ಸ್ಟೆಮ್ ಸೆಲ್?

2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ನೋಟ ಬಂದದ್ದು ನೆನಪಿರುವ ಎಲ್ಲರೂ ಇದನ್ನು ಕೇಳುತ್ತಾರೆ. ಅಲ್ಲಿ ಕಸಿ ಮಾಡಿದ್ದು ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ. ಕಾರ್ನಿಯಾ ಹಾಳಾದವರಿಗೆ ಮಾತ್ರ ಅದರಿಂದ ಉಪಯೋಗ. ಇಲ್ಲಿ ಕೆಟ್ಟಿರುವುದು ನರ. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ಇಡೀ ಕಣ್ಣನ್ನೇ ಕಸಿ ಮಾಡಿದರು. ಕಣ್ಣು ಉಳಿಯಿತು, ನೋಟ ಬರಲಿಲ್ಲ. ಸ್ಟೆಮ್ ಸೆಲ್ ಇಂಜೆಕ್ಷನ್‌ಗೆ ಲಕ್ಷಗಟ್ಟಲೆ ಕೇಳುವವರ ಹತ್ತಿರ ಹೋಗಬೇಡಿ.

ಇನ್ನೊಂದು ಕಣ್ಣಿಗೂ ಬರುತ್ತದಾ?

ಆಪರೇಷನ್ ಅನ್ನು ಪರೀಕ್ಷೆಗೆ ಒಡ್ಡಿದ ಅದೇ ಅಮೆರಿಕದ ಅಧ್ಯಯನದವರು ರೋಗಿಗಳನ್ನು ಮುಂದೆಯೂ ಗಮನಿಸಿದಾಗ, ಐದು ವರ್ಷದಲ್ಲಿ ಸುಮಾರು ಶೇ. 15 ಜನರಿಗೆ ಇನ್ನೊಂದು ಕಣ್ಣಿಗೂ ಬಂದಿತ್ತು. ಶುಗರ್ ಇದ್ದವರಲ್ಲಿ ಜಾಸ್ತಿ. ಅದೇ ಕಣ್ಣಿಗೆ ಮತ್ತೆ ಬರುವುದು ಬಹಳ ಕಡಿಮೆ. ಕೆಲವು ಎಳೆಗಳು ಸತ್ತು ಇಕ್ಕಟ್ಟು ಸಡಿಲವಾಗುವುದರಿಂದ ಇರಬಹುದು ಎನ್ನುತ್ತಾರೆ.

ಅಂದರೆ ಏಳರಲ್ಲಿ ಆರು ಜನರಿಗೆ ಬರುವುದಿಲ್ಲ. ಆ ಆರರಲ್ಲಿ ಇರಲು ನಿಮ್ಮ ಕೈಲಾಗುವುದು: ಶುಗರ್, ಬಿಪಿ, ಕೊಲೆಸ್ಟ್ರಾಲ್ ಹಿಡಿತದಲ್ಲಿಡುವುದು, ನಿದ್ದೆಯ ತೊಂದರೆ ನೋಡಿಸುವುದು, ಮೇಲೆ ಹೇಳಿದ ಔಷಧಿಗಳ ಬಗ್ಗೆ ಮಾತಾಡುವುದು. ವಾರಕ್ಕೊಮ್ಮೆ ಪೆಟ್ಟಾದ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿ. ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಕಾಣುತ್ತವೆಯಾ? ಇನ್ನೊಂದು ಕಣ್ಣಿಗೆ ಪೊರೆ ಆಪರೇಷನ್ ಬೇಕಾಗಿ ಬಂದರೆ, ಹಿಂದೆ ಈ ಕಾಯಿಲೆ ಆಗಿತ್ತು ಎಂದು ಸರ್ಜನ್‌ಗೆ ಮೊದಲೇ ಹೇಳಿ.

ಮೊಬೈಲ್ ಜಾಸ್ತಿ ನೋಡಿದ್ದರಿಂದ ಬಂತಾ?

ಇಲ್ಲ.

ಒಂದು ಕಣ್ಣು ಕಡಿಮೆಯಾದ ಮೇಲೆ ಗಾಡಿ ಓಡಿಸುವುದು, ಅಂಗವಿಕಲರ ಸರ್ಟಿಫಿಕೇಟ್?

ಮೊದಲ ಕೆಲವು ವಾರ ಗಾಡಿ ಬೇಡ. ದೂರದ ಅಂದಾಜು ತಪ್ಪುತ್ತದೆ, ಲೋಟಕ್ಕೆ ನೀರು ಸುರಿಯುವಾಗಲೇ ಗೊತ್ತಾಗುತ್ತದೆ. ಮತ್ತೆ ಓಡಿಸಬಹುದೇ ಎಂಬುದನ್ನು ಎರಡೂ ಕಣ್ಣಿನ ಫೀಲ್ಡ್ ಟೆಸ್ಟ್ ನೋಡಿ ಡಾಕ್ಟರ್ ಹೇಳಲಿ. ಮೆಟ್ಟಿಲಿನ ಅಂಚಿಗೆ ಗಾಢ ಬಣ್ಣದ ಪಟ್ಟಿ ಹಚ್ಚಿ. ನಂಬರ್ ಇಲ್ಲದಿದ್ದರೂ ಒಡೆಯದ ಪಾಲಿಕಾರ್ಬೊನೇಟ್ ಗಾಜಿನ ಕನ್ನಡಕ ಹಾಕಿಕೊಳ್ಳಿ, ಮುಖ್ಯವಾಗಿ ಗದ್ದೆ ಕೆಲಸ, ವೆಲ್ಡಿಂಗ್, ಬೈಕ್ ಸವಾರಿ ಮಾಡುವವರು. ಸರ್ಟಿಫಿಕೇಟ್ ವಿಷಯದಲ್ಲಿ ನಿರಾಸೆಯೇ ಜಾಸ್ತಿ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಸರ್ಕಾರದ ಲೆಕ್ಕದಲ್ಲಿ ಅದು ಶೇ. 30. ಮೀಸಲಾತಿಯಂಥ ಸವಲತ್ತುಗಳಿಗೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಕೇಳುವುದು ಶೇ. 40. ಎರಡೂ ಕಣ್ಣಿಗೆ ಪೆಟ್ಟಾಗಿದ್ದರೆ ಫೀಲ್ಡ್ ಟೆಸ್ಟ್ ರಿಪೋರ್ಟ್ ಸಮೇತ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್‌ಗೆ ಅರ್ಜಿ ಹಾಕಿ. ಬರೀ ಚಾರ್ಟ್ ಓದಿಸಿ ಕಳಿಸಿದರೆ ಫೀಲ್ಡ್ ಕೂಡ ನೋಡಿ ಎಂದು ಕೇಳಿ, ನಿಯಮದಲ್ಲಿ ಅದಕ್ಕೂ ಲೆಕ್ಕ ಇದೆ.